ಎಸ್ತೇರಮ್ಮನ ಏಳನೇ ಕ್ಯಾಸೆಟ್ಟು

ಕೇಳುವವರು ಬಂದರೆ ಮೊದಲು ಬೊಂಬಾಯಿ ರೆಕಾರ್ಡು ಹಾಕುತ್ತೇನೆ.
ಬೆಣ್ಣೆದೋಸೆಯಷ್ಟು ಅಗಲ, ಎರಡೇ ಹಾಡು,
ಲೇಬಲ್ಲಿನ ಮೇಲೆ ಎಸ್ತರ್ ಸುಂದರಿ ಅಂತ ತಪ್ಪು ಹೆಸರು.
ಸುಗಂಧಿ ಅವಳು. ಎಸ್ತೇರ್ ಸುಗಂಧಿ.
ತಿದ್ದಿಸಲು ಹೋದರೆ ಕಂಪನಿಯವ ಅಂದನಂತೆ:
ಮುನ್ನೂರು ಒತ್ತಿಯಾಗಿದೆ, ಇನ್ನು ನೀನೇ ಹೆಸರು ಬದಲಿಸಿಕೋ.

ಅದು ಅರವತ್ತೊಂಬತ್ತು. ನಾನಾಗ ಮಂಡಿಪೇಟೆಯಲ್ಲಿ
ರೇಡಿಯೊ ಬಿಚ್ಚಲು ಕಲಿತ ಹುಡುಗ,
ಮುಚ್ಚಲು ಇನ್ನೂ ಕಲಿತಿರಲಿಲ್ಲ.

ಅವಳು ದಾವಣಗೆರೆಗೆ ವಾಪಸು ಬಂದದ್ದು ಒಂದು ಪಿಯಾನೊಗಾಗಿ.
ಹತ್ತಿಗಿರಣಿ ಸಾಹೇಬರ ಕ್ಲಬ್ಬು ಹರಾಜಾದಾಗ
ಬಿಲಿಯರ್ಡ್ಸ್ ಮೇಜಿಗೆ ಏಳು ಜನ ಕೂಗಿದರು,
ಪಿಯಾನೊಗೆ ಇವಳೊಬ್ಬಳೇ.
ನೂರಾ ಹತ್ತು ರೂಪಾಯಿ, ಗಾಡಿ ಬಾಡಿಗೆ ಬೇರೆ.
ಚಿಕ್ಕಂದಿನಲ್ಲಿ, ಅಪ್ಪ ಅಲ್ಲಿ ನೆಲ ಒರೆಸುವಾಗ,
ಅದರ ಅಡಿಯಲ್ಲಿ ಕೂತು ಕೇಳುತ್ತಿದ್ದಳಂತೆ.
ಮೇಲೆ ಯಾರದೋ ಎಡಗೈ ನಡೆಯುತ್ತಿತ್ತು,
ಬಲಗೈ ಬೇಕೆಂದೇ ತಡ ಮಾಡುತ್ತಿತ್ತು.

ಜಾಜ್ ಅಂದರೇನಮ್ಮ ಅಂತ ಒಮ್ಮೆ ಕೇಳಿದೆ.
ಅಶೋಕಾ ರೋಡಿನ ರೈಲ್ವೆ ಗೇಟಿಗೆ ಕರೆದುಕೊಂಡು ಹೋದಳು.
ಗೇಟು ಬಿತ್ತು.
ಸೈಕಲ್ಲು, ಜಟಕಾ, ಮೆಣಸಿನಕಾಯಿ ಹೇರಿದ ಲಾರಿ,
ಹೆರಿಗೆಗೆ ಹೊರಟವಳ ಟ್ಯಾಕ್ಸಿ.
"ನೋಡು, ರೈಲು ಇನ್ನೂ ಬಂದಿಲ್ಲ.
ಬಂದಂಗ ಎಲ್ಲಾರೂ ನಿಂತಾರ.
ಹಾಡೋದು ಇಲ್ಲಿ. ರೈಲು ಬಂದ ಮ್ಯಾಲಲ್ಲ."

ನನಗೆ ತಿಳಿಯಲಿಲ್ಲ. ಬುಡೇನ್‌ಸಾಬನಿಗೆ ತಿಳಿಯಿತು.
ಮಂಡಕ್ಕಿ ಭಟ್ಟಿಯ ಆಳು, ಕಾದ ಉಸುಕಿನಲ್ಲಿ
ಅಕ್ಕಿ ಅರಳುವ ಸದ್ದು ಅವನ ಕಿವಿಯಲ್ಲೇ ವಾಸ.
ಡಾಲ್ಡಾ ಡಬ್ಬಿಯ ಮೇಲೆ ಕಡ್ಡಿಪೊರಕೆ ಎಳೆದ,
ಎಳೆದು, ಬಿಟ್ಟ.
ಎಸ್ತೇರಮ್ಮ ತಿರುಗಿ ನೋಡಿದಳು.
ಅವತ್ತಿನಿಂದ ಅವಳ ಬ್ಯಾಂಡು ಅಂದರೆ ಅವನೇ.

ಹಿಟ್ಟಿನ ಗಿರಣಿ ನಿಂತ ಮೇಲೆ, ರಾತ್ರಿ ಹತ್ತಕ್ಕೆ,
ನನ್ನ ಟೇಪ್ ರೆಕಾರ್ಡರಿನ ಮುಂದೆ.
ಎಂಟು ವರ್ಷಕ್ಕೆ ಆರು ಕ್ಯಾಸೆಟ್ಟು.
ಎರಡನೆಯದರಲ್ಲಿ ಗೂಡ್ಸ್ ಗಾಡಿಯೊಂದು ಹಾಡಿನೊಳಗೇ ಹಾಯುತ್ತದೆ,
ಅವಳು ಅದರ ಕೂಗಿಗೇ ಶ್ರುತಿ ಸರಿಸಿಕೊಳ್ಳುತ್ತಾಳೆ.
ಹಾಡೆಲ್ಲ ಅವಳೇ ಬರೆದದ್ದು, ರೇಷನ್ ರಸೀದಿಯ ಬೆನ್ನಿಗೆ,
ರಾತ್ರಿಪಾಳಿಯ ಹೆಂಗಸರಿಗೆ:

    ನೂಲು ಹರಿದರೆ ಗಂಟು ಹಾಕ್ತಿ,
    ನಿದ್ದಿ ಹರಿದರೆ ಏನ ಮಾಡ್ತಿ?

ನಡುವಿನ ಒಂದು ಮನೆಯನ್ನು ಗೆದ್ದಲು ತಿಂದಿತ್ತು.
ಬೆರಳು ಅಲ್ಲಿಗೆ ಹೋದಾಗೆಲ್ಲ ಆ ಸ್ವರವನ್ನು
ಬಾಯಿಂದ ತುಂಬುತ್ತಿದ್ದಳು.
ರೇಡಿಯೊದವರು ಕಾಗದ ಬರೆದರು,
ಇದು ನಮ್ಮ ಯಾವ ವಿಭಾಗಕ್ಕೂ ಸೇರುವುದಿಲ್ಲ ಎಂದು.
ಆ ಕಾಗದವನ್ನು ಅಲುಗಾಡುವ ಪಿಯಾನೊದ ಕಾಲಿಗೆ
ಮಡಚಿ ಇಟ್ಟಳು. ಸರಿಯಾಗಿ ಕೂತಿತು.

ಏಳನೆಯದು.
ಒಂದೇ ಉಸಿರಿಗೆ, ಒಂದೇ ಹಾಡು, ಒಂದು ಸೈಡು ಪೂರ್ತಿ.
ಬುಡೇನ್‌ಸಾಬ ಪೊರಕೆ ಕೆಳಗಿಟ್ಟು ಸುಮ್ಮನೆ ಕೂತ.
ಇಷ್ಟ ಸಾಕು, ಅಂದಳು.

ಎಂಬತ್ಮೂರರ ಚುನಾವಣೆ. ಅಂಗಡಿ ತುಂಬ ಪಾರ್ಟಿಯವರು,
ಖಾಲಿ ಕ್ಯಾಸೆಟ್ಟು ಮುಗಿದಿತ್ತು, ಮುಂಗಡ ಕೊಟ್ಟಿದ್ದರು,
ಹೆಸರು ಬರೆಯದ ಒಂದು ಕೈಗೆ ಸಿಕ್ಕಿತು.
ಹೆಸರು ಯಾಕೆ ಬರೆದಿರಲಿಲ್ಲ ಅಂತ ಕೇಳಬೇಡಿ.

ಹೇಳಲು ಹನ್ನೊಂದು ದಿನ ಬೇಕಾಯಿತು.
ಅಕ್ಕಿ ಕೇರುತ್ತಿದ್ದಳು. ಮೊರ ನಿಲ್ಲಲಿಲ್ಲ.
"ಆಟೋದಾಗ ಹಾಕಿದ್ರೇನು?"
ಹೂಂ.
"ಎಲ್ಲೀತನಕ ಹೋಗಿತ್ತು?"
ನಿಟುವಳ್ಳಿ, ಹಳೇಪೇಟೆ, ಆವರಗೆರೆ ತನಕ.
"ಬೊಂಬಾಯಿ ತಟ್ಟಿ ಆವರಗೆರಿ ಮುಟ್ಟಿರಲಿಲ್ಲ ಬಿಡು."
ಆಮೇಲೆ ಕಲ್ಲೊಂದು ಆರಿಸಿ ಎಸೆದಳು,
ಅದು ನನ್ನ ಕಡೆಗೇ ಬಂತು.

ಈಗ ಅವಳೂ ಇಲ್ಲ, ಆ ಹಾಡಿನ ಮಾತೂ ನನಗೆ ನೆನಪಿಲ್ಲ.
ಕ್ಯಾಸೆಟ್ಟು ಇದೆ, ಹಾಕುತ್ತೇನೆ, ಇರಿ.
ಮಹಾಜನಗಳೇ, ನಿಮ್ಮ ಅಮೂಲ್ಯವಾದ—
ಇಲ್ಲಿ ಆ ಮನುಷ್ಯ ಉಸಿರು ಎಳೆದುಕೊಳ್ಳುತ್ತಾನೆ.
ಸರಿಯಾಗಿ ಅಳಿಸದ ಟೇಪು ನನ್ನದು, ಹೆಡ್ಡು ಸವೆದಿತ್ತು:
ಆ ಉಸಿರಿನ ಅಡಿಯಲ್ಲಿ ಒಂದು ಎಡಗೈ ನಡೆಯುತ್ತಿದೆ.
ಸೌಂಡು ಏರಿಸಬೇಡಿ, ಏರಿಸಿದರೆ ಅವನೇ ಜೋರಾಗುತ್ತಾನೆ.
ಕಿವಿ ಹತ್ತಿರ ತನ್ನಿ.